ರಾತ್ರಿಯ ಮಾತ್ರೆ, ಹಗಲಿನ ಮಂಪರು

2013ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಪರೂಪದ ಸೂಚನೆಯೊಂದನ್ನು ಹೊರಡಿಸಿತು. ಝೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆಯ ಡೋಸನ್ನು ಹೆಂಗಸರಿಗೆ ಅರ್ಧಕ್ಕೆ ಇಳಿಸಬೇಕು, 10 ಮಿಲಿಗ್ರಾಂ ಇದ್ದದ್ದು 5 ಆಗಬೇಕು ಎಂಬುದು ಆ ಸೂಚನೆ. ಆ ಮಾತ್ರೆಗೆ ಅಲ್ಲಿ ಅನುಮತಿ ಸಿಕ್ಕಿದ್ದು 1992ರಲ್ಲಿ. ಅಂದರೆ 20 ವರ್ಷ ಕಾಲ ಹೆಂಗಸರಿಗೂ ಗಂಡಸರಿಗೂ ಒಂದೇ ಅಳತೆಯ ಮಾತ್ರೆ ಸಲಹೆಯಾಗುತ್ತಿತ್ತು.

ಈ ಬದಲಾವಣೆಗೆ ಕಾರಣವಾದದ್ದು ಬೆಳಗಿನ ರಕ್ತ ಪರೀಕ್ಷೆ. ರಾತ್ರಿ 10 ಮಿಲಿಗ್ರಾಂ ತೆಗೆದುಕೊಂಡು ಸುಮಾರು ಎಂಟು ಗಂಟೆ ಕಳೆದ ಮೇಲೆ ನೋಡಿದರೆ, ಶೇ 15ರಷ್ಟು ಹೆಂಗಸರ ರಕ್ತದಲ್ಲಿ ವಾಹನ ಓಡಿಸಲು ಅಡ್ಡಿಯಾಗುವಷ್ಟು ಔಷಧ ಇನ್ನೂ ಉಳಿದಿತ್ತು. ಗಂಡಸರಲ್ಲಿ ಆ ಪ್ರಮಾಣ ಶೇ 3. ಹೆಂಗಸರ ದೇಹ ಈ ಔಷಧವನ್ನು ನಿಧಾನವಾಗಿ ಹೊರಹಾಕುತ್ತದೆ. ಅದಕ್ಕಿಂತ ಕಳವಳದ ಸಂಗತಿ ಇನ್ನೊಂದಿತ್ತು. ತಾನು ಪೂರ್ತಿ ಎಚ್ಚರವಾಗಿದ್ದೇನೆ ಎಂದು ಅನ್ನಿಸುತ್ತಿರುವವರ ಚುರುಕುತನವೂ ಕುಗ್ಗಿರಬಹುದು ಎಂದು ಸಂಸ್ಥೆ ಎಚ್ಚರಿಸಿತು. ಕಣ್ಣು ತೆರೆದಿದೆ, ಕಾಫಿ ಕುಡಿದಾಗಿದೆ, ಸ್ಕೂಟರಿನ ಕೀಲಿ ಕೈಯಲ್ಲಿದೆ. ಮಿದುಳು ಮಾತ್ರ ಇನ್ನೂ ಮಂಪರಿನಲ್ಲಿದೆ.

ನಿದ್ರೆ ಮಾತ್ರೆ ಎಂದರೆ ಜನರ ಮನಸ್ಸಿಗೆ ಬರುವುದು ರಾತ್ರಿ. ಅದರ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳುವುದು ಹಗಲಿನಲ್ಲಿ. ಮರೆವು, ತಲೆ ತಿರುಗು, ಬಚ್ಚಲಲ್ಲಿ ಜಾರಿ ಬಿದ್ದದ್ದು, ಮಧ್ಯಾಹ್ನದ ತೂಕಡಿಕೆ ಇವೆಲ್ಲ ವಯಸ್ಸಿನ ಲೆಕ್ಕಕ್ಕೋ ಸುಸ್ತಿನ ಲೆಕ್ಕಕ್ಕೋ ಸೇರಿಹೋಗುತ್ತವೆ. ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿಯೇ ಇವುಗಳನ್ನು ಒಂದೊಂದಾಗಿ ಗುರುತಿಸಿಕೊಳ್ಳುವುದು ಅಗತ್ಯ.

ಸುರಕ್ಷಿತ ಎಂಬ ಮಾತಿನ ಇತಿಹಾಸ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ವೆರೊನಾಲ್ ಎಂಬ ಹೆಸರಿನಲ್ಲಿ ಮೊದಲ ಬಾರ್ಬಿಟ್ಯುರೇಟ್ ಮಾರಾಟಕ್ಕೆ ಬಂತು. ಆ ಜಾತಿಯ ಔಷಧಗಳು ಅರ್ಧ ಶತಮಾನ ಜಗತ್ತನ್ನು ಮಲಗಿಸಿದವು. ಆದರೆ ನಿದ್ದೆ ತರಿಸುವ ಡೋಸಿಗೂ ಉಸಿರು ನಿಲ್ಲಿಸುವ ಡೋಸಿಗೂ ನಡುವೆ ಅಂತರ ಬಹಳ ಕಡಿಮೆಯಿತ್ತು. 1962ರ ಆಗಸ್ಟಿನಲ್ಲಿ ನಟಿ ಮರ್ಲಿನ್ ಮನ್ರೋ ತೀರಿಕೊಂಡದ್ದು ಇಂಥದೇ ಔಷಧದ ಅತಿ ಸೇವನೆಯಿಂದ.

ಬಾರ್ಬಿಟ್ಯುರೇಟಿಗಿಂತ ಸುರಕ್ಷಿತ ಎಂದು ಹೇಳಿಕೊಂಡು 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಬಂತು. ಬೆಳಗಿನ ವಾಕರಿಕೆ ತಡೆಯಲು ಬಸಿರಿಯರೂ ಅದನ್ನು ನುಂಗಿದರು. ಕೈಕಾಲು ಬೆಳೆಯದ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿದ ಮೇಲೆ, 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಎಫ್‌ಡಿಎ ಅಧಿಕಾರಿ, ಸುರಕ್ಷತೆಯ ಪುರಾವೆ ಸಾಲದೆಂದು ಪಟ್ಟು ಹಿಡಿದು ಅನುಮತಿ ತಡೆದಿದ್ದರಿಂದ ಆ ದೇಶ ದೊಡ್ಡ ದುರಂತದಿಂದ ಪಾರಾಯಿತು.

ಆಮೇಲಿನ ಸರದಿ ಬೆಂಜೊಡಯಜೆಪೀನ್‌ಗಳದು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವೇಲಿಯಂ. ವೇಲಿಯಂ ಅಂದರೆ ಡಯಜೆಪಾಮ್, ನಮ್ಮಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಕಾಂಪೋಸ್ ಮಾತ್ರೆಯೂ ಅದೇ. ಇಂದು ನಮ್ಮ ಔಷಧ ಅಂಗಡಿಗಳಲ್ಲಿ ಹೆಚ್ಚು ಕೇಳಿಬರುವ ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಲೊರಜೆಪಾಮ್, ನೈಟ್ರಜೆಪಾಮ್ ಎಲ್ಲವೂ ಇದೇ ಕುಟುಂಬದವು. ಆ ಬಳಿಕ ಬಂದ ಝೋಲ್ಪಿಡೆಮ್, ಝೋಪಿಕ್ಲೋನ್, ಎಸ್ಝೋಪಿಕ್ಲೋನ್, ಝಲೆಪ್ಲಾನ್‌ಗಳನ್ನು ವೈದ್ಯರು ಝಡ್ ಔಷಧಗಳು ಎನ್ನುತ್ತಾರೆ. ಪ್ರತಿ ಹೊಸ ಪೀಳಿಗೆಯೂ ಹಳೆಯದಕ್ಕಿಂತ ನಿರಪಾಯಕಾರಿ ಎಂಬ ಭರವಸೆಯೊಂದಿಗೇ ಬಂತು. ಆ ಭರವಸೆ ಭಾಗಶಃ ನಿಜವೂ ಆಯಿತು. ಬೆಂಜೊಡಯಜೆಪೀನನ್ನು ಮಾತ್ರವೇ ಹೆಚ್ಚು ನುಂಗಿದವರು ಬಾರ್ಬಿಟ್ಯುರೇಟ್ ನುಂಗಿದವರಂತೆ ಸಾಯುವುದು ವಿರಳ. ಆದರೆ ತೊಂದರೆಗಳು ಬೇರೆ ರೂಪದಲ್ಲಿ ಉಳಿದುಕೊಂಡವು.

ಔಷಧ ಎಷ್ಟು ಹೊತ್ತು ಉಳಿಯುತ್ತದೆ?

ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವುದು ಅದರ ಕೆಲಸ. ಬೆಂಜೊಡಯಜೆಪೀನ್‌ಗಳೂ ಝಡ್ ಔಷಧಗಳೂ ಗಾಬಾ ಕೂರುವ ಗ್ರಾಹಕಗಳಿಗೆ ಅಂಟಿಕೊಂಡು ಅದರ ಪ್ರಭಾವವನ್ನು ಹೆಚ್ಚಿಸುತ್ತವೆ. ಆದರೆ ಈ ಗ್ರಾಹಕಗಳು ನಿದ್ದೆಯ ಕೇಂದ್ರಗಳಲ್ಲಿ ಮಾತ್ರ ಇರುವುದಿಲ್ಲ. ನೆನಪನ್ನು ಕಟ್ಟುವ ಭಾಗದಲ್ಲಿವೆ, ನಡಿಗೆಯ ಸಮತೋಲ ಕಾಯುವ ಕಿರುಮಿದುಳಿನಲ್ಲಿವೆ, ವಿವೇಚನೆಯ ಭಾಗಗಳಲ್ಲೂ ಇವೆ. ಎಲ್ಲ ಕಡೆಯೂ ಚಟುವಟಿಕೆ ತಗ್ಗುತ್ತದೆ. ನಿದ್ದೆ ಬರುವುದು, ಮರೆವಾಗುವುದು, ಕಾಲು ತಡವರಿಸುವುದು ಮೂರೂ ಒಂದೇ ಕ್ರಿಯೆಯ ಫಲ. ಮೊದಲನೆಯದು ನಮಗೆ ಬೇಕಾದದ್ದು, ಉಳಿದವು ಬೇಡವಾದವು.

ಹಾಗಾಗಿ ಔಷಧ ದೇಹದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯವನ್ನು ಅರ್ಧಾಯು ಎನ್ನುತ್ತಾರೆ. ಝೋಲ್ಪಿಡೆಮ್‌ನ ಅರ್ಧಾಯು ಸುಮಾರು ಎರಡೂವರೆ ಗಂಟೆ. ಆಲ್ಪ್ರಜೋಲಾಮ್‌ನದು ಸುಮಾರು 11 ಗಂಟೆ. ಕ್ಲೊನಜೆಪಾಮ್‌ನದು 30ರಿಂದ 40 ಗಂಟೆ. ಕ್ಲೊನಜೆಪಾಮನ್ನು ದಿನಾ ರಾತ್ರಿ ತೆಗೆದುಕೊಳ್ಳುವವರು ಎರಡನೆಯ ಮಾತ್ರೆ ನುಂಗುವ ಹೊತ್ತಿಗೆ ಮೊದಲನೆಯದರ ಅರ್ಧಕ್ಕಿಂತ ಹೆಚ್ಚು ಭಾಗ ಮೈಯಲ್ಲೇ ಇರುತ್ತದೆ. ಕೆಲವು ದಿನ ಕಳೆಯುವಷ್ಟರಲ್ಲಿ ಹಗಲೂ ರಾತ್ರಿ ರಕ್ತದಲ್ಲಿ ಔಷಧ ತುಂಬಿಕೊಂಡಿರುತ್ತದೆ.

ಡಯಜೆಪಾಮ್ ಇನ್ನೂ ವಿಶೇಷ. ಅದು ಕೊಬ್ಬಿನಲ್ಲಿ ಕರಗುವ ಔಷಧ. ವಯಸ್ಸಾದಂತೆ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚುವುದರಿಂದ ಅದು ಅಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. 20 ವರ್ಷದ ಯುವಕನಲ್ಲಿ ಅದರ ಅರ್ಧಾಯು ಸುಮಾರು 20 ಗಂಟೆಯಾದರೆ, 80ರ ಅಜ್ಜನಲ್ಲಿ 80–90 ಗಂಟೆಯವರೆಗೆ ಹೋಗುತ್ತದೆ ಎಂದು 1970ರ ದಶಕದಲ್ಲೇ ಕಂಡುಕೊಳ್ಳಲಾಗಿತ್ತು. ಅದು ಒಡೆದು ಹುಟ್ಟುವ ಉಪವಸ್ತುವೂ ಮಂಪರು ತರಿಸುವಂಥದ್ದೇ, ಅದು ಉಳಿಯುವುದು ಇನ್ನೂ ಹೆಚ್ಚು ಕಾಲ. ಮೊಮ್ಮಗನಿಗೆ ಒಂದು ರಾತ್ರಿಯ ಮಾತ್ರೆಯಾದದ್ದು ಅಜ್ಜನಿಗೆ ವಾರದ ಮಾತ್ರೆಯಾಗಬಹುದು.

ಸಾಮಾನ್ಯವಾಗಿ ಕಾಣುವ ತೊಂದರೆಗಳು

ಈ ಎರಡು ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚಾಗಿ ಹೇಳುವುದು ಬೆಳಗಿನ ಜೋಂಪು, ತಲೆ ಭಾರ, ತಲೆ ತಿರುಗು, ತಲೆನೋವು, ಬಾಯಿ ಒಣಗುವುದು, ಹೊಟ್ಟೆ ತೊಳಸುವುದು, ಕೈಕಾಲು ಬಲಹೀನವಾದಂತೆ ಅನ್ನಿಸುವುದು. ಝೋಪಿಕ್ಲೋನ್ ಮತ್ತು ಎಸ್ಝೋಪಿಕ್ಲೋನ್ ತೆಗೆದುಕೊಂಡವರಿಗೆ ಮರುದಿನ ಬಾಯಿ ಕಹಿಯಾಗಿ, ಲೋಹದ ರುಚಿ ನಾಲಿಗೆಯಲ್ಲಿ ನಿಂತಂತಿರುತ್ತದೆ. ಕಾಫಿಯೂ ರುಚಿಸದ ಈ ಕಹಿ ಆ ಔಷಧದ ಗುರುತು. ಇವುಗಳಲ್ಲಿ ಹೆಚ್ಚಿನವು ಡೋಸ್ ಇಳಿಸಿದರೆ ಅಥವಾ ಔಷಧ ಬದಲಿಸಿದರೆ ಹೋಗುತ್ತವೆ. ಆದರೆ ವೈದ್ಯರಿಗೆ ಹೇಳಿದರೆ ತಾನೆ?

ತೆಗೆದುಕೊಳ್ಳುವ ವಿಧಾನದಿಂದಲೂ ತೊಂದರೆ ಹೆಚ್ಚಾಗುತ್ತದೆ. ಝೋಲ್ಪಿಡೆಮನ್ನು ಊಟದ ಜತೆಗೆ ಅಥವಾ ಊಟವಾದ ಕೂಡಲೇ ತೆಗೆದುಕೊಂಡರೆ ಅದು ರಕ್ತ ಸೇರುವುದು ತಡವಾಗುತ್ತದೆ. ರಾತ್ರಿ ಹತ್ತಕ್ಕೆ ಊಟ, ಹತ್ತೂಕಾಲಿಗೆ ಮಾತ್ರೆ ಎನ್ನುವ ಮನೆಗಳಲ್ಲಿ ನಿದ್ದೆ ಬರಲಿಲ್ಲವೆಂದು ಇನ್ನೊಂದನ್ನು ನುಂಗುವ ಅಪಾಯವಿದೆ. ಆಗ ಎರಡೂ ಸೇರಿ ಕೆಲಸ ಮಾಡುವುದು ಬೆಳಗಿನ ಜಾವದಲ್ಲಿ. ಮಲಗಲು ಏಳೆಂಟು ಗಂಟೆ ಬಿಡುವಿದ್ದಾಗ ಮಾತ್ರ ಈ ಮಾತ್ರೆ ತೆಗೆದುಕೊಳ್ಳಬೇಕು ಎಂಬ ನಿಯಮವೂ ಇದೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನಾಲ್ಕು ಗಂಟೆ ಕಣ್ಣು ಮುಚ್ಚಿ ಮತ್ತೆ ಹೊರಡುವವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಇನ್ನು, ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಮಾತ್ರೆಗಳನ್ನು ಮುರಿದು ಅಥವಾ ಪುಡಿ ಮಾಡಿ ತೆಗೆದುಕೊಂಡರೆ ಇಡೀ ರಾತ್ರಿಗೆ ಹಂಚಬೇಕಾದ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ.

ನೆನಪಿಲ್ಲದ ಗಂಟೆಗಳು

2006ರ ಮೇ 4ರಂದು ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ವಾಷಿಂಗ್ಟನ್ನಿನಲ್ಲಿ ಸಂಸತ್ ಭವನದ ಹತ್ತಿರ ಕಾರೊಂದು ತಡೆಗೋಡೆಗೆ ಗುದ್ದಿತು. ಒಳಗಿದ್ದವರು ಸಂಸದ ಪ್ಯಾಟ್ರಿಕ್ ಕೆನಡಿ. ಮತ ಹಾಕಲು ಹೊರಟಿದ್ದೇನೆ ಎಂದು ಅವರು ಪೊಲೀಸರಿಗೆ ಹೇಳಿದರು. ಆ ಹೊತ್ತಿನಲ್ಲಿ ಯಾವ ಮತದಾನವೂ ಇರಲಿಲ್ಲ. ಝೋಲ್ಪಿಡೆಮ್ ಮತ್ತು ವಾಂತಿ ತಡೆಯುವ ಪ್ರೊಮೆಥಜೀನ್ ಎರಡನ್ನೂ ತೆಗೆದುಕೊಂಡಿದ್ದಾಗಿ ಆಮೇಲೆ ಅವರು ತಿಳಿಸಿದರು. ಅಪಘಾತದ ನೆನಪೇ ಅವರಿಗಿರಲಿಲ್ಲ. ವ್ಯಸನದ ಜತೆಗಿನ ತಮ್ಮ ಹೋರಾಟವನ್ನು ಬಹಿರಂಗವಾಗಿ ಒಪ್ಪಿಕೊಂಡು ಚಿಕಿತ್ಸೆಗೆ ಸೇರಿದ ಅವರು, ಮುಂದೆ ಮಾನಸಿಕ ಆರೋಗ್ಯದ ಪರವಾಗಿ ದುಡಿಯುವವರಾದರು.

ಮಾತ್ರೆ ನುಂಗಿದ ಮೇಲೆ ನಡೆದದ್ದು ನೆನಪಿನಲ್ಲಿ ದಾಖಲಾಗದೆ ಹೋಗುವುದು ಈ ಔಷಧಗಳ ಪರಿಚಿತ ಪರಿಣಾಮ. ಮಾತ್ರೆ ತೆಗೆದುಕೊಂಡು ಮಲಗದೆ ಫೋನಿನಲ್ಲಿ ಮಾತಾಡುತ್ತ ಕೂತವರಿಗೆ ಮರುದಿನ ಆ ಮಾತುಕತೆಯ ಒಂದು ಎಳೆಯೂ ಸಿಗದಿರಬಹುದು. ಇದಕ್ಕಿಂತ ವಿರಳವಾದ, ಆದರೆ ಹೆಚ್ಚು ಅಪಾಯಕಾರಿಯಾದ ಸ್ಥಿತಿಯೂ ಇದೆ. ಪೂರ್ತಿ ಎಚ್ಚರವಾಗದೆಯೇ ಎದ್ದು ನಡೆಯುವುದು, ಒಲೆ ಹಚ್ಚಿ ಅಡುಗೆ ಮಾಡುವುದು, ತಿನ್ನುವುದು, ಕಾರು ಓಡಿಸುವುದು ಇವು ಅದರ ಲಕ್ಷಣಗಳು.

ಇದರ ಬಗ್ಗೆ 2007ರಲ್ಲೇ ನಿದ್ರೆ ಮಾತ್ರೆಗಳ ವಿವರಪತ್ರಗಳಲ್ಲಿ ಎಚ್ಚರಿಕೆ ಸೇರಿಸುವಂತೆ ಎಫ್‌ಡಿಎ ಹೇಳಿತ್ತು. 2019ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ, ಝಡ್ ಔಷಧಗಳ ವಿವರಪತ್ರದಲ್ಲಿ ಚೌಕಟ್ಟಿನೊಳಗಿನ ಅತ್ಯಂತ ಕಟು ಎಚ್ಚರಿಕೆ ಮುದ್ರಿಸುವಂತೆ ಮಾಡಿತು. ಸಂಸ್ಥೆಯ ಮುಂದಿದ್ದದ್ದು 26 ವರ್ಷಗಳಲ್ಲಿ ವರದಿಯಾದ 66 ಗಂಭೀರ ಪ್ರಕರಣಗಳು. ಅವುಗಳಲ್ಲಿ 20 ಸಾವಿನಲ್ಲಿ ಕೊನೆಗೊಂಡಿದ್ದವು. ಸುಟ್ಟ ಗಾಯ, ಎತ್ತರದಿಂದ ಬಿದ್ದದ್ದು, ನೀರಿನಲ್ಲಿ ಮುಳುಗಿದ್ದು, ವಾಹನ ಅಪಘಾತ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಕೋಟ್ಯಂತರ ಮಾತ್ರೆಗಳ ನಡುವೆ ಇದು ಚಿಕ್ಕ ಸಂಖ್ಯೆ. ಆದರೆ ಕಡಿಮೆ ಡೋಸ್ ತೆಗೆದುಕೊಂಡವರಿಗೂ, ಮೊದಲ ಮಾತ್ರೆಯಲ್ಲೇ ಹಾಗಾದವರಿಗೂ ಕೊರತೆಯಿರಲಿಲ್ಲ. ಹಿಂದೆ ಇಂಥ ಅನುಭವವಿಲ್ಲದವರಿಗೂ ಇದು ಆಗಬಹುದು. ಒಂದು ಸಲ ಹೀಗಾದವರು ಆ ಔಷಧವನ್ನು ಮತ್ತೆ ಮುಟ್ಟಲೇಬಾರದು ಎಂಬುದು ಆ ಸೂಚನೆಯ ತಿರುಳು. ಬೆಳಿಗ್ಗೆ ಅಡುಗೆಮನೆಯಲ್ಲಿ ತಾವು ಇಡದ ಪಾತ್ರೆ ಕಂಡರೆ, ಕಳಿಸಿದ ನೆನಪಿಲ್ಲದ ಸಂದೇಶ ಫೋನಿನಲ್ಲಿದ್ದರೆ ಅದನ್ನು ಮನೆಯವರೂ ಹಗುರವಾಗಿ ಕಾಣಬಾರದು.

ಹಿರಿಯರಿಗೆ ಬೇರೆಯೇ ಲೆಕ್ಕ

ನಿದ್ದೆ ಬರುವುದಿಲ್ಲ ಎಂದು ಹೆಚ್ಚಾಗಿ ಹೇಳುವವರು 60 ದಾಟಿದವರು. ಈ ಮಾತ್ರೆಗಳಿಂದ ಹೆಚ್ಚು ಹಾನಿಯಾಗುವುದೂ ಅವರಿಗೇ. ಯಕೃತ್ತು ಔಷಧವನ್ನು ನಿಧಾನವಾಗಿ ಒಡೆಯುತ್ತದೆ, ಮಿದುಳು ಅದೇ ಡೋಸಿಗೆ ಹೆಚ್ಚು ಸ್ಪಂದಿಸುತ್ತದೆ, ಮೂಳೆಗಳು ಸವೆದಿರುತ್ತವೆ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳಲೇಬೇಕು. ನಮ್ಮ ಹಳ್ಳಿಮನೆಗಳಲ್ಲಿ ಬಚ್ಚಲು ಹಿತ್ತಲಿನಲ್ಲಿರುತ್ತದೆ, ನಡುವೆ ಹೊಸ್ತಿಲು, ಮೆಟ್ಟಿಲು, ಒದ್ದೆ ನೆಲ. ಮಂಪರಿನ ಕಾಲು ಅಲ್ಲಿ ಜಾರುತ್ತದೆ. ತೊಡೆಮೂಳೆಯ ಕತ್ತು ಮುರಿದರೆ ಆಪರೇಷನ್, ತಿಂಗಳುಗಟ್ಟಲೆ ಹಾಸಿಗೆ, ಆಮೇಲೆ ಎಷ್ಟೋ ಜನಕ್ಕೆ ಮೊದಲಿನಂತೆ ಓಡಾಡಲು ಆಗುವುದೇ ಇಲ್ಲ.

ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಕಾಲಕಾಲಕ್ಕೆ ಪರಿಷ್ಕರಿಸುವ ಬಿಯರ್ಸ್ ಪಟ್ಟಿಯಲ್ಲಿ, 65 ದಾಟಿದವರಿಗೆ ನಿದ್ದೆಗಾಗಿ ಬೆಂಜೊಡಯಜೆಪೀನ್ ಮತ್ತು ಝಡ್ ಔಷಧ ಎರಡನ್ನೂ ತಪ್ಪಿಸಬೇಕೆಂಬ ಸಲಹೆಯಿದೆ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ವಿಶ್ಲೇಷಣೆಯೊಂದು 60 ದಾಟಿದವರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ನಿದ್ರೆಯ ಮಾತ್ರೆ ಕೊಟ್ಟ 13 ಜನರಲ್ಲಿ ಒಬ್ಬರಿಗೆ ನಿದ್ದೆ ಸುಧಾರಿಸಿದರೆ, ಪ್ರತಿ 6 ಜನರಲ್ಲಿ ಒಬ್ಬರಿಗೆ ಅಡ್ಡಪರಿಣಾಮ ಕಾಣಿಸಿಕೊಳ್ಳುತ್ತಿತ್ತು. ಅಂದರೆ ಲಾಭಕ್ಕಿಂತ ತೊಂದರೆಯ ಸಾಧ್ಯತೆಯೇ ದುಪ್ಪಟ್ಟು.

ಮರೆಗುಳಿ ರೋಗ ಈ ಮಾತ್ರೆಗಳಿಂದಲೇ ಬರುತ್ತದೆಯೇ ಎಂಬ ಪ್ರಶ್ನೆಗೆ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಆ ರೋಗದ ಆರಂಭದಲ್ಲೇ ನಿದ್ದೆ ಕೆಡುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ಆದರೆ ಮಾತ್ರೆ ತೆಗೆದುಕೊಳ್ಳುತ್ತಿರುವಷ್ಟು ದಿನ ಹಿರಿಯರಲ್ಲಿ ಗೊಂದಲ, ಮರೆವು, ಮಾತು ತೊದಲುವುದು ಕಾಣಿಸಬಹುದು ಎಂಬುದರಲ್ಲಿ ಅನುಮಾನವಿಲ್ಲ. ತಾಯಿಗೆ ಅರಳುಮರಳು ಶುರುವಾಯಿತು ಎಂದು ಮಕ್ಕಳು ಕೈಚೆಲ್ಲುವ ಮೊದಲು ಅವರ ಮಾತ್ರೆ ಡಬ್ಬಿಯನ್ನು ವೈದ್ಯರ ಮುಂದೆ ತೆರೆಯಬೇಕು.

ನಿದ್ದೆಗೆ ಕೊಡುವ ಬೇರೆ ಔಷಧಗಳು

ಬೇರೆ ಕಾಯಿಲೆಗೆಂದು ಹುಟ್ಟಿ, ಮಂಪರು ತರಿಸುತ್ತವೆ ಎಂಬ ಕಾರಣಕ್ಕೆ ನಿದ್ದೆಗೂ ಬಳಕೆಯಾಗುವ ಔಷಧಗಳಿವೆ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲೀನ್ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಪ್ರಾಸ್ಟೇಟ್ ದೊಡ್ಡದಾದ ಗಂಡಸರಲ್ಲಿ ಮೂತ್ರ ಕಟ್ಟಿಸಬಹುದು. ನೆಗಡಿಗೆ ಕೊಡುವ ಡೈಫೆನ್‌ಹೈಡ್ರಮೀನ್‌ನಂಥ ಹಳೆಯ ಅಲರ್ಜಿ ಮಾತ್ರೆಗಳದೂ ಇದೇ ಸ್ವಭಾವ. ಟ್ರಾಜೊಡೋನ್ ತೆಗೆದುಕೊಂಡವರು ತಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರಬಹುದು. ವಿರಳವಾಗಿ ಗಂಡಸರಲ್ಲಿ ಗಂಟೆಗಟ್ಟಲೆ ಇಳಿಯದ ನೋವಿನ ನಿಮಿರುವಿಕೆ ಉಂಟಾಗುತ್ತದೆ, ಅದು ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಮಿರ್ಟಜಪೀನ್ ಹಸಿವನ್ನೂ ತೂಕವನ್ನೂ ಏರಿಸುತ್ತದೆ. ಕ್ವೆಟಿಯಾಪೀನ್ ತೂಕದ ಜತೆಗೆ ರಕ್ತದ ಸಕ್ಕರೆಯನ್ನೂ ಹೆಚ್ಚಿಸಬಲ್ಲದು. ಮಧುಮೇಹ ಇರುವವರು ಇದನ್ನು ವೈದ್ಯರಿಗೆ ನೆನಪಿಸಬೇಕು. ಮೆಲಟೋನಿನ್ ಇವುಗಳಿಗಿಂತ ಸೌಮ್ಯ, ಆದರೆ ಅದರಿಂದಲೂ ತಲೆನೋವು, ಹಗಲಿನ ಜೋಂಪು ಕಾಣಿಸಿಕೊಳ್ಳುವುದುಂಟು.

ಜತೆಗೂಡಿದಾಗ ಜೀವಕ್ಕೆ ಅಪಾಯ

ನಿದ್ರೆ ಮಾತ್ರೆಯ ಜತೆ ಮದ್ಯ ಸೇರಬಾರದು. ಎರಡೂ ಮಿದುಳಿನ ಚಟುವಟಿಕೆಯನ್ನು ಒಂದೇ ದಿಕ್ಕಿನಲ್ಲಿ ತಗ್ಗಿಸುತ್ತವೆ, ಉಸಿರಾಟ ಕಾಯುವ ಕೇಂದ್ರವನ್ನೂ ಬಿಡುವುದಿಲ್ಲ. ಟ್ರಾಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧಗಳ ಮತ್ತು ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ಜತೆಗೂ ಇದೇ ಅಪಾಯ. 2008ರ ಜನವರಿಯಲ್ಲಿ 28ರ ಹರೆಯದ ನಟ ಹೀತ್ ಲೆಡ್ಜರ್ ಸತ್ತಾಗ, ಅವರ ದೇಹದಲ್ಲಿ ಎರಡು ನೋವು ನಿವಾರಕಗಳು, ಮೂರು ಬೆಂಜೊಡಯಜೆಪೀನ್‌ಗಳು ಮತ್ತು ನಿದ್ದೆ ತರಿಸುವ ಒಂದು ಅಲರ್ಜಿ ಔಷಧ ಸಿಕ್ಕಿದವು. ಅವುಗಳ ಸಂಯುಕ್ತ ಪರಿಣಾಮದಿಂದ ಆಕಸ್ಮಿಕ ಸಾವು ಎಂಬುದು ಅಧಿಕೃತ ತೀರ್ಮಾನ.

ಜೋರಾಗಿ ಗೊರಕೆ ಹೊಡೆಯುವವರ ವಿಷಯ ಬೇರೆಯಾಗಿಯೇ ಹೇಳಬೇಕು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೊರಡುವ ಸ್ಲೀಪ್ ಆಪ್ನಿಯಾ ಅವರಲ್ಲಿರಬಹುದು. ಬೆಳಿಗ್ಗೆ ಎದ್ದಾಗ ನಿದ್ದೆ ಮಾಡಿದಂತೆಯೇ ಅನ್ನಿಸುವುದಿಲ್ಲ ಎಂದು ಅವರು ದೂರುತ್ತಾರೆ. ಅದಕ್ಕೆ ನಿದ್ರೆ ಮಾತ್ರೆ ಕೊಟ್ಟರೆ ಗಂಟಲಿನ ಸ್ನಾಯು ಇನ್ನಷ್ಟು ಸಡಿಲವಾಗಿ, ಎಚ್ಚರವಾಗಿ ಉಸಿರೆಳೆದುಕೊಳ್ಳುವ ದೇಹದ ಪ್ರಯತ್ನವೂ ಮಂಕಾಗಬಹುದು. ಮಾತ್ರೆಗೆ ಮೊದಲು ಇವರಿಗೆ ಬೇಕಾದದ್ದು ತಪಾಸಣೆ.

ಬಿಡಲಾಗದ ಹಂತ

ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಒಂದು ಗಡಿ ಹಾಕಿತ್ತು. ಬೆಂಜೊಡಯಜೆಪೀನ್‌ಗಳನ್ನು ಕೊಡುವುದಾದರೆ ಎರಡರಿಂದ ನಾಲ್ಕು ವಾರ, ಅಷ್ಟೇ. ಏಕೆಂದರೆ ಕೆಲವು ವಾರಗಳಲ್ಲಿ ಮಿದುಳು ಔಷಧಕ್ಕೆ ಒಗ್ಗಿಕೊಳ್ಳುತ್ತದೆ, ಮೊದಲಿನ ಡೋಸ್ ಸಾಲದಾಗುತ್ತದೆ. ಆಗ ನಿಲ್ಲಿಸಹೊರಟರೆ ನಿದ್ದೆ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಮೈ ನಡುಕ, ಬೆವರು, ಎದೆ ಡವಡವ, ತಳಮಳ ಶುರುವಾಗುತ್ತವೆ. ಅದನ್ನು ಕಂಡವರು, ಮಾತ್ರೆಯಿಲ್ಲದೆ ತಮಗೆ ನಿದ್ದೆಯೇ ಬರುವುದಿಲ್ಲ ಎಂದು ತೀರ್ಮಾನಿಸಿ ಮತ್ತೆ ಶುರು ಮಾಡುತ್ತಾರೆ. ಎಷ್ಟೋ ಸಲ ಅವರು ಅನುಭವಿಸಿದ್ದು ಹಳೆಯ ನಿದ್ರಾಹೀನತೆಯಲ್ಲ, ಔಷಧ ಬಿಟ್ಟದ್ದರ ಪರಿಣಾಮ. ಈ ವ್ಯತ್ಯಾಸವನ್ನು ರೋಗಿಗೆ ಮೊದಲ ದಿನವೇ ಹೇಳಿದ್ದರೆ ಎಷ್ಟೋ ವರ್ಷಗಳ ಮಾತ್ರೆ ತಪ್ಪುತ್ತಿತ್ತು.

ದೀರ್ಘಕಾಲ ತೆಗೆದುಕೊಂಡ ಬೆಂಜೊಡಯಜೆಪೀನನ್ನು ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಆವರಿಸಬಹುದು, ಜೀವಕ್ಕೂ ಕುತ್ತಾಗಬಹುದು. ತೆಲಂಗಾಣದಲ್ಲಿ ಆಲ್ಪ್ರಜೋಲಾಮ್, ಡಯಜೆಪಾಮ್ ಬೆರೆಸಿದ ಕಲಬೆರಕೆ ಸೇಂದಿಗೆ ಒಗ್ಗಿಹೋಗಿದ್ದ ಜನ, ಅದು ಸಿಗದಾದಾಗ ನಡುಕ, ಫಿಟ್ಸ್, ವಿಚಿತ್ರ ವರ್ತನೆಯೊಂದಿಗೆ ಆಸ್ಪತ್ರೆ ಸೇರಿದ್ದರು. ತಾವು ಕುಡಿಯುತ್ತಿದ್ದದ್ದು ನಿದ್ರೆ ಮಾತ್ರೆಯ ಮದ್ದು ಎಂಬುದೇ ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. 2020ರಲ್ಲಿ ಎಫ್‌ಡಿಎ ಎಲ್ಲ ಬೆಂಜೊಡಯಜೆಪೀನ್‌ಗಳ ವಿವರಪತ್ರದಲ್ಲೂ ಅವಲಂಬನೆ ಮತ್ತು ಹಠಾತ್ತನೆ ಬಿಡುವ ಅಪಾಯದ ಬಗ್ಗೆ ಚೌಕಟ್ಟಿನ ಎಚ್ಚರಿಕೆ ಕಡ್ಡಾಯ ಮಾಡಿತು.

ಬಿಡುವ ದಾರಿ ಇದೆ, ಅದು ನಿಧಾನದ ದಾರಿ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಪ್ರೊಫೆಸರ್ ಹೀದರ್ ಆಶ್ಟನ್ 1982ರಿಂದ 12 ವರ್ಷ ಇದಕ್ಕಾಗಿಯೇ ಕ್ಲಿನಿಕ್ ನಡೆಸಿದರು. ಡೋಸನ್ನು ಪುಟ್ಟ ಪುಟ್ಟ ಹಂತಗಳಲ್ಲಿ, ರೋಗಿಯ ಶಕ್ತಿ ನೋಡಿಕೊಂಡು ಇಳಿಸುವ ಅವರ ಕೈಪಿಡಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ಬಿಡಲು ತಿಂಗಳುಗಳೇ ಬೇಕಾಗಬಹುದು. ಇದನ್ನು ವೈದ್ಯರ ನಿಗಾದಲ್ಲಿಯೇ ಮಾಡಬೇಕು. ಈ ಲೇಖನ ಓದಿ ಇವತ್ತೇ ಮಾತ್ರೆ ಎಸೆಯುವುದು ಅಪಾಯಕಾರಿ.

ಚೀಟಿ, ಅಂಗಡಿ, ಕಾನೂನು

ಭಾರತದಲ್ಲಿ ಆಲ್ಪ್ರಜೋಲಾಮ್, ಡಯಜೆಪಾಮ್, ನೈಟ್ರಜೆಪಾಮ್, ಝೋಲ್ಪಿಡೆಮ್‌ಗಳು 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಇವುಗಳನ್ನು ಮಾರುವಂತಿಲ್ಲ. ಯಾವ ವೈದ್ಯರು ಬರೆದರು, ಯಾರಿಗೆ ಕೊಟ್ಟದ್ದು, ಎಷ್ಟು ಕೊಟ್ಟದ್ದು ಎಂಬುದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಚೌಕದ ಎಚ್ಚರಿಕೆ ಇದಕ್ಕೇ. ಹೀಗಿದ್ದೂ ಹಳೆಯ ಚೀಟಿ ತೋರಿಸಿ, ಖಾಲಿ ಪಟ್ಟಿ ತೋರಿಸಿ, ಕೆಲವೊಮ್ಮೆ ಹೆಸರು ಹೇಳಿಯೇ ಮಾತ್ರೆ ಪಡೆಯುವುದು ಎಲ್ಲರೂ ಕಂಡ ಸಂಗತಿ. ಆಪರೇಷನ್ ಸಮಯದಲ್ಲಿ ಹದಿನೈದು ದಿನಕ್ಕೆಂದು ಬರೆದದ್ದು, ಯಾರೂ ನಿಲ್ಲಿಸಿ ಎನ್ನದ ಕಾರಣಕ್ಕೆ, ಹದಿನೈದು ವರ್ಷ ನಡೆಯುವುದು ಹೀಗೆ. ಕಾನೂನು ಕೇಳುವ ಆ ಪುಸ್ತಕ ಕಿರಿಕಿರಿಯಲ್ಲ, ರೋಗಿಯ ರಕ್ಷಣೆ.

ಮಾತ್ರೆ ಕೊಡುವುದೆಷ್ಟು?

ಇಷ್ಟೆಲ್ಲ ತೊಂದರೆಗೆ ಸಿಗುವ ಪ್ರತಿಫಲವನ್ನೂ ತೂಗಿ ನೋಡಬೇಕು. ಎಫ್‌ಡಿಎಗೆ ಸಲ್ಲಿಕೆಯಾದ ಝಡ್ ಔಷಧಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2012ರ ಅಧ್ಯಯನದ ಪ್ರಕಾರ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗಿಂತ ಇವರಿಗೆ ನಿದ್ದೆ ಹತ್ತಿದ್ದು ಸರಾಸರಿ 22 ನಿಮಿಷ ಬೇಗ. ಸಾವಿನ ಮನೆಯ ದುಃಖದಲ್ಲಿ, ಆಸ್ಪತ್ರೆಯ ಕಾತರದಲ್ಲಿ, ಕೆಲವು ರಾತ್ರಿಗಳ ಮಟ್ಟಿಗೆ ಆ 22 ನಿಮಿಷ ದೊಡ್ಡ ಉಪಕಾರವೇ. ಅಂಥ ಹೊತ್ತಿನಲ್ಲಿ ವೈದ್ಯರು ಬರೆದ ಮಾತ್ರೆಗೆ ಹೆದರಬೇಕಿಲ್ಲ. ಆದರೆ ತಿಂಗಳುಗಟ್ಟಲೆ ಕಾಡುವ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸ್ಪಷ್ಟವಾಗಿ ಹೇಳಿತು. ನಿದ್ದೆಯ ಅಭ್ಯಾಸಗಳನ್ನೂ ನಿದ್ದೆಯ ಬಗೆಗಿನ ಆತಂಕವನ್ನೂ ತಿದ್ದುವ ಸಿಬಿಟಿ-ಐ ಎಂಬ ಚಿಕಿತ್ಸೆಗೆ ಅದು ಮೊದಲ ಸ್ಥಾನ ಕೊಟ್ಟಿತು.

ಅದರಲ್ಲಿ ಔಷಧವಿಲ್ಲ. ದಿನಾ ಒಂದೇ ಹೊತ್ತಿಗೆ ಏಳುವುದು, ಕಣ್ಣು ಕೂರುವಾಗ ಮಾತ್ರ ಹಾಸಿಗೆಗೆ ಹೋಗುವುದು, ನಿದ್ದೆ ಬಾರದೆ ಹೊರಳಾಡುವಂತಾದರೆ ಎದ್ದು ಬೇರೆ ಕಡೆ ಕೂತು ಮಂಪರು ಬಂದ ಮೇಲೆ ಮರಳುವುದು, ಹಾಸಿಗೆಯಲ್ಲಿ ಕಳೆಯುವ ಗಂಟೆಗಳನ್ನು ಮೊದಲು ಕಡಿಮೆ ಮಾಡಿ ನಿದ್ದೆ ಗಟ್ಟಿಯಾದಂತೆ ಹೆಚ್ಚಿಸುವುದು ಅದರ ಮುಖ್ಯ ಹಂತಗಳು. ಮೊದಲ ಒಂದೆರಡು ವಾರ ಸುಸ್ತು ಹೆಚ್ಚಾಗುತ್ತದೆ. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ವಾಹನ ಓಡಿಸುವುದೇ ಕೆಲಸವಾದವರು ಹಾಸಿಗೆಯ ಗಂಟೆ ಕಡಿಮೆ ಮಾಡುವ ಹಂತವನ್ನು ತಾವಾಗಿ ಶುರು ಮಾಡಬಾರದು. ಉಳಿದವರಲ್ಲಿ ಇದರ ಫಲ ಚಿಕಿತ್ಸೆ ಮುಗಿದ ಮೇಲೂ ಉಳಿಯುತ್ತದೆ.

ಕೆನಡಾದ ಕ್ವಿಬೆಕ್‌ನಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಬೆಂಜೊಡಯಜೆಪೀನ್ ತೆಗೆದುಕೊಳ್ಳುತ್ತಿದ್ದ 65 ದಾಟಿದ 303 ಜನರನ್ನು ಔಷಧ ಅಂಗಡಿಗಳ ಮೂಲಕವೇ ಆರಿಸಲಾಗಿತ್ತು. ಒಂದು ಗುಂಪಿಗೆ ಕೈಪಿಡಿಯೊಂದು ಸಿಕ್ಕಿತು. ಮಾತ್ರೆಯ ಅಪಾಯಗಳು, ಬದಲಿ ದಾರಿಗಳು, ತಿಂಗಳುಗಳ ಅವಧಿಯಲ್ಲಿ ಡೋಸ್ ಇಳಿಸುವ ಸಚಿತ್ರ ವೇಳಾಪಟ್ಟಿ ಅದರಲ್ಲಿದ್ದವು. ವೈದ್ಯರ ಜತೆ ಅಥವಾ ಫಾರ್ಮಸಿಸ್ಟ್ ಜತೆ ಮಾತಾಡಿ ಎಂಬ ಸಲಹೆಯೂ ಇತ್ತು. ಆರು ತಿಂಗಳಲ್ಲಿ ಆ ಗುಂಪಿನ ಶೇ 27 ಜನ ಮಾತ್ರೆ ಪೂರ್ತಿ ಬಿಟ್ಟಿದ್ದರು. ಕೈಪಿಡಿ ಸಿಗದವರಲ್ಲಿ ಹಾಗೆ ಬಿಟ್ಟವರು ಶೇ 5 ಮಾತ್ರ. ಇಳಿವಯಸ್ಸಿನವರು ಹಳೆಯ ಅಭ್ಯಾಸ ಬಿಡಲಾರರು ಎಂಬ ನಂಬಿಕೆಗೆ ಇಲ್ಲಿ ಉತ್ತರವಿದೆ. ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ.

ಕನ್ನಡದಲ್ಲಿ ಮಾತಾಡಿ ನೆರವು ಪಡೆಯಲು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ನಿದ್ರೆ ಮಾತ್ರೆ ಬರೆಸಿಕೊಳ್ಳುವವರು ವೈದ್ಯರ ಮುಂದೆ ಕೇಳಬೇಕಾದ ಪ್ರಶ್ನೆಗಳೂ ಹೆಚ್ಚಿಲ್ಲ: ಇದು ಎಷ್ಟು ದಿನಕ್ಕೆ? ಯಾವಾಗ ಮತ್ತು ಹೇಗೆ ನಿಲ್ಲಿಸಬೇಕು? ಬೆಳಿಗ್ಗೆ ಗಾಡಿ ಓಡಿಸಬಹುದೇ? ತಾನು ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳ ಜತೆ ಇದು ಹೊಂದುತ್ತದೆಯೇ? ಗೊರಕೆ, ಮದ್ಯದ ಅಭ್ಯಾಸ, ಬಸಿರು, ಹಿಂದೆ ಬಿದ್ದದ್ದು ಏನಿದ್ದರೂ ಮುಚ್ಚಿಡದೆ ಹೇಳಬೇಕು. ವರ್ಷಗಳಿಂದ ಮಾತ್ರೆ ನುಂಗುತ್ತಿರುವ ಹಿರಿಯರಿದ್ದರೆ, ಮುಂದಿನ ಸಲ ಬಿಪಿ ತೋರಿಸಲು ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು, ಮಗಳೋ ಮಗನೋ ಜತೆಗೆ ಹೋಗಿ, ನಿದ್ದೆಯದನ್ನು ಇಳಿಸುವ ಯೋಜನೆಯೊಂದನ್ನು ವೈದ್ಯರಿಂದ ಬರೆಸಿಕೊಂಡು ಬರಬಹುದು.